ಗರ್ಭಿಣಿಯ ಚಹಾ: ಎಷ್ಟು, ಯಾವಾಗ?



ಬೀದರ್ ನಗರದಲ್ಲಿ ನಸುಕಿನ ಬಸ್ಸಿನಿಂದ ಇಳಿದವರನ್ನು ಮೊದಲು ಸ್ವಾಗತಿಸುವುದು ಕುದಿಯುವ ಚಹಾದ ವಾಸನೆ. ಭಾಲ್ಕಿಯ ಪೇಟೆಯಲ್ಲಿ ವ್ಯಾಪಾರದ ಮಾತು ಆರಂಭವಾಗುವುದು ಚಹಾದಿಂದ, ಮುಗಿಯುವುದೂ ಚಹಾದಿಂದ. ಔರಾದ ತಾಲೂಕಿನ ಹಳ್ಳಿಗಳಲ್ಲಿ ಬಂದವರಿಗೆ ಚಹಾ ಕೊಡದೆ ಕಳುಹಿಸಿದರೆ ಮನೆಯ ಮರ್ಯಾದೆಗೇ ಕುಂದು. ಚಿಕ್ಕಮಗಳೂರು, ಹಾಸನದ ಕಡೆ ಕಾಫಿಗೆ ಇರುವ ಸ್ಥಾನ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಈ ಭಾಗದಲ್ಲಿ ಚಹಾಕ್ಕೆ ಇದೆ.

ಮನೆಯ ಹೆಣ್ಣುಮಗಳು ಗರ್ಭಿಣಿಯಾದಳೆಂದರೆ ಹಿರಿಯರ ಎಚ್ಚರಿಕೆಗಳು ಶುರುವಾಗುತ್ತವೆ. ಪಪ್ಪಾಯಿ ಬೇಡ, ಉಷ್ಣದ ಪದಾರ್ಥ ಬೇಡ, ಭಾರ ಎತ್ತಬೇಡ. ಆದರೆ ಈ ಪಟ್ಟಿಯಲ್ಲಿ ಚಹಾದ ಹೆಸರು ಬಹುತೇಕ ಇರುವುದಿಲ್ಲ. ಬದಲಾಗಿ, ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶದ ಗುಳಿಗೆಯನ್ನು ಆಕೆ ಮುಖ ಕಿವಿಚಿಕೊಂಡು ನುಂಗಿದಾಗ, "ಮ್ಯಾಲ ಒಂದು ಕಪ್ ಚಾ ಕುಡಿಯವ್ವ, ಬಾಯಿ ಸರಿ ಆಗ್ತದ" ಎನ್ನುವುದು ಪ್ರೀತಿಯ ಮಾತು. ಆ ಪ್ರೀತಿಯ ಮಾತಿನಲ್ಲಿ ಅಡಗಿರುವ ನಷ್ಟವನ್ನು ಇಂದು ವಿಚಾರ ಮಾಡೋಣ.

ಮೊದಲು ಕೆಫೀನ್ ಎಂದರೇನು ಎಂಬುದನ್ನು ತಿಳಿಯೋಣ. 1819ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ ಕಾಫಿ ಬೀಜದಿಂದ ಇದನ್ನು ಬೇರ್ಪಡಿಸಿದನು. 1827ರಲ್ಲಿ ಚಹಾದಿಂದ ಪಡೆದ ಒಂದು ವಸ್ತುವಿಗೆ 'ಥೀನ್' ಎಂಬ ಹೆಸರು ಬಂದಿತು. ಎರಡೂ ಒಂದೇ ವಸ್ತು ಎಂಬುದು ಮುಂದೆ ಸಿದ್ಧವಾಯಿತು. ದಣಿವಿನ ಸಂದೇಶವನ್ನು ಮಿದುಳಿಗೆ ಮುಟ್ಟಿಸುವ ಅಡಿನೋಸಿನ್ ಎಂಬ ರಾಸಾಯನಿಕದ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ದಣಿವು ಹೋಗುವುದಿಲ್ಲ, ಅದರ ಅರಿವು ಮಾತ್ರ ತಡವಾಗುತ್ತದೆ.

ನಿಮ್ಮಲ್ಲಿ ಅನೇಕರು ಭೌತಶಾಸ್ತ್ರದಲ್ಲಿ 'ಅರ್ಧಾಯುಷ್ಯ' ಎಂಬ ಪದವನ್ನು ಓದಿದ್ದೀರಿ. ಆ ಲೆಕ್ಕವನ್ನು ಇಲ್ಲಿಯೂ ಹಾಕಬಹುದು. ಸಾಮಾನ್ಯವಾಗಿ, ಕುಡಿದ ಕೆಫೀನಿನ ಅರ್ಧ ಭಾಗವನ್ನು ದೇಹವು ಸುಮಾರು 5 ಗಂಟೆಯಲ್ಲಿ ಕರಗಿಸುತ್ತದೆ. ಗರ್ಭಿಣಿಯಲ್ಲಿ ಈ ಕೆಲಸ ನಿಧಾನವಾಗುತ್ತಾ ಹೋಗಿ, ಕೊನೆಯ ತಿಂಗಳುಗಳಲ್ಲಿ ಸುಮಾರು 15 ಗಂಟೆ ಬೇಕಾಗುತ್ತದೆ. ಬೆಳಿಗ್ಗೆ 8 ಗಂಟೆಗೆ ಒಂದು ಕಪ್ಪಿನಲ್ಲಿ 60 ಮಿಲಿಗ್ರಾಂ ಕೆಫೀನ್ ಸೇರಿತೆನ್ನಿ. ಬೇರೆಯವರಲ್ಲಿ ಅದು ಮಧ್ಯಾಹ್ನ 1ಕ್ಕೆ 30, ಸಂಜೆ 6ಕ್ಕೆ 15, ರಾತ್ರಿ 11ಕ್ಕೆ ಏಳೂವರೆ ಮಿಲಿಗ್ರಾಂ ಆಗುತ್ತದೆ. ತುಂಬು ಗರ್ಭಿಣಿಯಲ್ಲಿ ರಾತ್ರಿ 11 ಗಂಟೆಗೂ 30 ಮಿಲಿಗ್ರಾಂ ಉಳಿದಿರುತ್ತದೆ. ಅಷ್ಟರಲ್ಲಿ ಎರಡನೆಯ, ಮೂರನೆಯ ಕಪ್ಪುಗಳೂ ಸೇರಿರುತ್ತವೆ. ಕೆಫೀನ್ ಮಾಸು ದಾಟಿ ಮಗುವಿನ ರಕ್ತಕ್ಕೂ ಹೋಗುತ್ತದೆ. ಅದನ್ನು ಒಡೆಯುವ ಶಕ್ತಿ ಗರ್ಭದ ಶಿಶುವಿನ ಎಳೆಯ ಯಕೃತ್ತಿಗೆ ಇನ್ನೂ ಬಂದಿರುವುದಿಲ್ಲ.

ಹಾಗಾದರೆ ಇದರಿಂದ ಮಗುವಿಗೆ ಹಾನಿಯೇ? ವಿಜ್ಞಾನದ ಉತ್ತರವನ್ನು ಪ್ರಾಮಾಣಿಕವಾಗಿ ಹೇಳಬೇಕು. 2008ರಲ್ಲಿ ಇಂಗ್ಲೆಂಡಿನಲ್ಲಿ 2,635 ಗರ್ಭಿಣಿಯರ ಅಧ್ಯಯನ ಪ್ರಕಟವಾಯಿತು. ಹೆಚ್ಚು ಕೆಫೀನ್ ಸೇವಿಸಿದವರ ಶಿಶುಗಳಲ್ಲಿ ಬೆಳವಣಿಗೆ ಕುಂಠಿತವಾಗುವ ಸಂಭವ ಹೆಚ್ಚೆಂದು ಅದು ತೋರಿಸಿತು. ಅದರ ಹಿಂದಿನ ವರ್ಷ, 2007ರಲ್ಲಿ, ಡೆನ್ಮಾರ್ಕಿನ ಪ್ರಯೋಗವೊಂದು ಪ್ರಕಟವಾಗಿತ್ತು. ಅಲ್ಲಿ ದಿನಕ್ಕೆ ಕನಿಷ್ಠ ಮೂರು ಕಪ್ ಕಾಫಿ ಕುಡಿಯುತ್ತಿದ್ದ ಸುಮಾರು 1,200 ಗರ್ಭಿಣಿಯರಲ್ಲಿ ಅರ್ಧ ಜನರಿಗೆ, ಗರ್ಭದ ದ್ವಿತೀಯಾರ್ಧದಲ್ಲಿ, ಕೆಫೀನ್ ತೆಗೆದ ಕಾಫಿ ಕೊಡಲಾಯಿತು. ಎರಡು ಗುಂಪಿನ ಶಿಶುಗಳ ತೂಕದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಗರ್ಭಪಾತದ ಅಧ್ಯಯನಗಳಲ್ಲಿ ಇನ್ನೊಂದು ತೊಡಕಿದೆ. ಗರ್ಭ ಚೆನ್ನಾಗಿ ನಿಂತವರಿಗೆ ವಾಕರಿಕೆ ಹೆಚ್ಚು, ಹಾಗಾಗಿ ಅವರು ತಾವಾಗಿಯೇ ಕಾಫಿ, ಚಹಾ ಬಿಡುತ್ತಾರೆ. ಆಗ ಚಹಾ ಕುಡಿಯುತ್ತಲೇ ಇದ್ದವರಲ್ಲಿ ಗರ್ಭಪಾತ ಹೆಚ್ಚೆಂದು ಲೆಕ್ಕ ತೋರಿಸಿದರೂ, ಕಾರಣ ಚಹಾವೇ ಎಂದು ಹೇಳಲು ಬರುವುದಿಲ್ಲ. ಎರಡು ಸಂಗತಿಗಳು ಜೊತೆಯಾಗಿ ಕಂಡಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳಾದ ನೀವು ಎಂದಿಗೂ ಮರೆಯಬಾರದು.

ಸಂಶಯ ಉಳಿದಿರುವಾಗ ಮಿತಿಯೇ ಜಾಣತನ. ಗರ್ಭಿಣಿಯರಿಗೆ ದಿನಕ್ಕೆ 200 ಮಿಲಿಗ್ರಾಂ ವರೆಗೆ ಭಯವಿಲ್ಲವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಹೇಳಿತು. ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಸೇವಿಸುವ ಗರ್ಭಿಣಿಯರು ಅದನ್ನು ಇಳಿಸಬೇಕೆಂದು 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿತು. ನಮ್ಮ ನೆರೆಯ ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಂತೆ 150 ಮಿಲಿಲೀಟರ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ, ಅಷ್ಟೇ ಸೋಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ಒಂದು ಕಪ್ ಚಹಾಕ್ಕೆ 50 ಎಂದು ಹಿಡಿದರೆ ನಾಲ್ಕು ಕಪ್ಪಿಗೆ 200 ಮುಟ್ಟಿತು. ಎರಡು ಕಪ್ ಕುಡಿಯುವವಳು ಹೆದರಬೇಕಾಗಿಲ್ಲ. ಬಂದವರೊಂದಿಗೆಲ್ಲ ಒಂದೊಂದು ಕಪ್ ಕುಡಿದು ಲೆಕ್ಕ ತಪ್ಪುವವಳು ಎಚ್ಚರಗೊಳ್ಳಬೇಕು. ಬೆಲ್ಲದ ಚಹಾ, ಹಸಿರು ಚಹಾ, ಶುಂಠಿ ಹಾಕಿದ ಚಹಾ ಇವೂ ಚಹಾ ಪುಡಿಯವೇ. ಕೋಲಾ ಪಾನೀಯಗಳಲ್ಲಿ, ಕೆಲವು ತಲೆನೋವಿನ ಗುಳಿಗೆಗಳಲ್ಲಿ ಕೂಡ ಕೆಫೀನ್ ಉಂಟು. ನಿಮ್ಮ ವಯಸ್ಸಿನವರು ಇಷ್ಟಪಡುವ 'ಎನರ್ಜಿ' ಪಾನೀಯದ ಡಬ್ಬಿಯನ್ನು ತಿರುಗಿಸಿ ಓದಿರಿ: ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಸೂಕ್ತವಲ್ಲವೆಂದು ಅದರ ಮೇಲೆಯೇ ಅಚ್ಚಾಗಿರುತ್ತದೆ.

ಇಷ್ಟು ಕೆಫೀನಿನ ಮಾತಾಯಿತು. ಆದರೆ ನಮ್ಮ ಜಿಲ್ಲೆಯ ಮನೆಗಳಲ್ಲಿ ಚಹಾದಿಂದಾಗುವ ದೊಡ್ಡ ನಷ್ಟ ಕೆಫೀನಿನದಲ್ಲ, ಚಹಾದ ಒಗರಿನದು. ಈ ಒಗರಿಗೆ ಕಾರಣ ಟ್ಯಾನಿನ್ ಗುಂಪಿನ ವಸ್ತುಗಳು. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಈಳಿಗೆ ಕಪ್ಪಾಗುವುದನ್ನು ನೀವು ಕಂಡಿರಬೇಕು. ಒಗರು ಮತ್ತು ಕಬ್ಬಿಣ ಕೂಡಿದರೆ ಹೀಗೆ ಕಪ್ಪಾಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣದಿಂದ ಹಿಂದಿನವರು ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ. ಬೇಕಾದರೆ ಪರೀಕ್ಷಿಸಿ ನೋಡಿ. ತುಕ್ಕು ಹಿಡಿದ ಮೊಳೆಯನ್ನು ಒಂದು ದಿನ ವಿನೆಗರಿನಲ್ಲಿ ನೆನೆಸಿ, ಆ ನೀರಿನ ಕೆಲವು ಹನಿಗಳನ್ನು ಹಾಲಿಲ್ಲದ ಚಹಾಕ್ಕೆ ಹಾಕಿ. ಚಹಾ ಮಸಿಯಂತೆ ಕಪ್ಪಾಗುತ್ತದೆ. (ಅದನ್ನು ಕುಡಿಯಬೇಡಿ, ಚೆಲ್ಲಿಬಿಡಿ.)

ಹೊಟ್ಟೆಯೊಳಗೂ ಇಂತಹದೇ ಕ್ರಿಯೆ ನಡೆಯುತ್ತದೆ. ಅನ್ನ, ರೊಟ್ಟಿ, ಬೇಳೆಗಳಲ್ಲಿರುವ ಕಬ್ಬಿಣವನ್ನು ಚಹಾದ ಟ್ಯಾನಿನ್ ಕರಗದ ವಸ್ತುವಾಗಿ ಕಟ್ಟಿಹಾಕುತ್ತದೆ. ಹಾಗೆ ಕಟ್ಟಿಹಾಕಿದ ಕಬ್ಬಿಣವನ್ನು ಕರುಳು ಹೀರಲಾರದು. ಚಹಾದಿಂದ ಬ್ರೆಡ್, ಅನ್ನದ ಊಟ ಮತ್ತು ಕಬ್ಬಿಣದ ಲವಣದ ದ್ರಾವಣ ಎಲ್ಲದರಿಂದಲೂ ಕಬ್ಬಿಣದ ಹೀರಿಕೆ ತಗ್ಗುವುದನ್ನು 1975ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಇದು ಏಕೆ ಗಂಭೀರ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಶೇಕಡಾ 52.2 ಮಂದಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆಯಿರುವ ತಾಯಿಗೆ ಹೆರಿಗೆಯಲ್ಲಿ ರಕ್ತಸ್ರಾವವಾದರೆ ಜೀವಕ್ಕೇ ಅಪಾಯ. ದಿನ ತುಂಬದ ಹೆರಿಗೆ, ಕಡಿಮೆ ತೂಕದ ಮಗು ಇವುಗಳ ಸಂಭವವೂ ಹೆಚ್ಚು. ಅದಕ್ಕಾಗಿಯೇ 2018ರ 'ಅನೀಮಿಯಾ ಮುಕ್ತ ಭಾರತ' ಕಾರ್ಯಕ್ರಮದಲ್ಲಿ ಗರ್ಭಿಣಿಗೆ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಗುಳಿಗೆ ನೀಡಲು ಗೊತ್ತುಮಾಡಲಾಯಿತು. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಕೊಟ್ಟ ಗುಳಿಗೆಯ ಮೇಲೆ ನಾವು ಚಹಾ ಸುರಿದರೆ, ಆಕೆಯ ಶ್ರಮದ ಬಹುಪಾಲು ವ್ಯರ್ಥ.

ಇನ್ನೂ ಒಂದು ಮಾತು. ಹೊಲದ ಕೆಲಸಕ್ಕೆ ಹೋಗುವ ಬಡ ಗರ್ಭಿಣಿ ಹಸಿವೆ ಆರಿಸಲು ಚಹಾ ಕುಡಿಯುತ್ತಾಳೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಸೊಸೆಯೂ ಅದನ್ನೇ ಮಾಡುತ್ತಾಳೆ. ಆಗ ಚಹಾ ಊಟದ ಜಾಗವನ್ನೇ ಕಸಿದುಕೊಳ್ಳುತ್ತದೆ. ಇದು ಆಕೆಯ ತಪ್ಪಲ್ಲ, ಮನೆಯವರು ತಿದ್ದಿಕೊಳ್ಳಬೇಕಾದದ್ದು.

ಹಾಗಾದರೆ ಮಾಡಬೇಕಾದದ್ದೇನು? ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ, ಕಾಫಿ ಬೇಡವೆಂದು 2024ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳಿದೆ. ಗುಳಿಗೆಗೂ ಇದೇ ಅಂತರವಿರಲಿ. ಗುಳಿಗೆಯನ್ನು ನೀರಿನೊಂದಿಗೆ ಅಥವಾ ಲಿಂಬೆಹಣ್ಣಿನ ಪಾನಕದೊಂದಿಗೆ ನುಂಗಬಹುದು. ಲಿಂಬೆ, ನೆಲ್ಲಿ, ಪೇರಲಗಳಲ್ಲಿರುವ 'ಸಿ' ಜೀವಸತ್ವವು ಕಬ್ಬಿಣದ ಹೀರಿಕೆಗೆ ನೆರವಾಗುತ್ತದೆ. ಕ್ಯಾಲ್ಸಿಯಂ ಗುಳಿಗೆಯನ್ನು ಕಬ್ಬಿಣದ ಗುಳಿಗೆಯ ಜೊತೆಗೆ ನುಂಗದೆ ಬೇರೆ ಹೊತ್ತಿಗೆ ಇಟ್ಟುಕೊಳ್ಳಬೇಕು. ಜೋಳದ ರೊಟ್ಟಿ, ಹೆಸರುಬೇಳೆ, ಪಲ್ಯ ನಮ್ಮ ನೆಲದ್ದೇ ಊಟ. ಅದರ ಸತ್ವ ಆಕೆಗೆ ದಕ್ಕಬೇಕಾದರೆ ಮೇಲೊಂದು ಗಂಟೆ ಚಹಾ ಬೇಡ. ಚಹಾವನ್ನು ಒಮ್ಮೆಲೇ ಬಿಡಿಸಬಾರದು, ತಲೆನೋವು ಬರುತ್ತದೆ. ದಿನಕ್ಕೊಂದು ಕಪ್ಪಿನಂತೆ ಇಳಿಸುತ್ತಾ ಬರಲಿ. ಸಂದೇಹವಿದ್ದರೆ ಭಾಲ್ಕಿ, ಔರಾದಿನ ತಾಲೂಕು ಆಸ್ಪತ್ರೆಯಲ್ಲಿ ಅಥವಾ ಬೀದರಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಲಿ.

ಮಿತ್ರರೇ, ಇದು ಹೆಂಗಸರ ವಿಷಯ, ನಮಗೇಕೆ ಎಂದು ಹುಡುಗರು ಎದ್ದು ಹೋಗಬಾರದು. ನಿಮ್ಮ ಮನೆಯಲ್ಲಿ ಅಕ್ಕನೋ ವೈನಿಯೋ ಗರ್ಭಿಣಿಯಾಗಿದ್ದರೆ, ಅಂಗಡಿಯಿಂದ ತಂದ ಸಾಮಾನಿನ ಮೇಲಿನ ಬರಹ ಓದುವವರು ನೀವು. ಗುಳಿಗೆಯ ಹೊತ್ತನ್ನು ಗಡಿಯಾರ ನೋಡಿ ನೆನಪಿಸುವವರೂ ನೀವೇ. ಅಜ್ಜಿಯ ಮಾತಿಗೆ ಎದುರಾಡಬೇಡಿ. ಮೊಳೆಯ ನೀರು ಹಾಕಿದ ಆ ಕಪ್ಪು ಚಹಾವನ್ನು ತಂದು ತೋರಿಸಿ, "ಅಜ್ಜಿ, ವೈನಿಗೆ ಚಾ ಬ್ಯಾಡ ಅನ್ನಂಗಿಲ್ಲ, ಗುಳಿಗಿ ನುಂಗಿ ಒಂದು ತಾಸು ಆದ ಮ್ಯಾಲ ಕೊಡ್ರಿ" ಎನ್ನಿ. ಆ ಒಂದು ತಾಸಿನ ಅಂತರಕ್ಕೆ ಒಂದು ಪೈಸೆಯ ಖರ್ಚಿಲ್ಲ, ತಾಯಿಯ ಮೈಗೆ ಮಾತ್ರ ರಕ್ತ ಕೂಡುತ್ತದೆ.