ಎಳೆಯರ ವೃಷಣದ ಗೆಡ್ಡೆ

ಕೆಲವು ಅವಯವಗಳ ಹೆಸರೆತ್ತಲು ನಮಗೆ ಸಂಕೋಚ. ರೋಗಕ್ಕೆ ಆ ದಾಕ್ಷಿಣ್ಯವಿಲ್ಲ. ಆದುದರಿಂದ, ಕೇಳುಗರೇ, ಇಂದಿನ ವಿಷಯವನ್ನು ಮರೆಮಾಚದೆ ಹೇಳುತ್ತೇನೆ: ಎಳೆಯ ಗಂಡುಮಕ್ಕಳ ವೃಷಣದಲ್ಲಿ ಹುಟ್ಟುವ ಗೆಡ್ಡೆ.

ಇದು ಅಪರೂಪದ ಬೇನೆ. 1 ಲಕ್ಷ ಬಾಲಕರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬಂದೀತು. ಸಾಮಾನ್ಯವಾಗಿ ನೋವಿರುವುದಿಲ್ಲ. ತೊಡಕು ಇರುವುದೇ ಅಲ್ಲಿ. ನೋವಿದ್ದರೆ ಕೂಸು ಅತ್ತಾದರೂ ತಿಳಿಸೀತು. ಎಣ್ಣೆನೀರು ಹಾಕುವ ಅಜ್ಜಿಯ ಕೈಗೆ ಒಂದು ಬದಿ ಕೊಂಚ ದಪ್ಪ, ಕೊಂಚ ಗಟ್ಟಿ ಎನಿಸುತ್ತದೆ. "ನೀರು ತುಂಬಿದೆ, ತಾನಾಗಿ ಇಳಿದೀತು" ಎಂಬ ಸಮಾಧಾನ ಮನೆಯಲ್ಲಿ ಸಿದ್ಧವಾಗಿರುತ್ತದೆ. ಆ ಮಾತು ಪೂರಾ ಸುಳ್ಳಲ್ಲ. ಶಿಶುಗಳಲ್ಲಿ ನೀರು ತುಂಬುವುದೂ ಇಳಿಯುವುದೂ ಉಂಟು. ಆದರೆ ಗೆಡ್ಡೆಯ ಸುತ್ತಲೂ ನೀರು ಸೇರಬಹುದು. ಅಲ್ಟ್ರಾಸೌಂಡ್ ಪರೀಕ್ಷೆ ಕೆಲವೇ ನಿಮಿಷಗಳ ಕೆಲಸ. ಊಹೆಗೆ ಅಲ್ಲಿ ಎಡೆಯಿಲ್ಲ.

ಈ ಗೆಡ್ಡೆಗಳಲ್ಲಿ ಅನೇಕವು ಸಾಧುವಾದವು. ಟೆರಟೋಮಾ ಎಂಬುದು ವಯಸ್ಕರಲ್ಲಿ ಭಯ ಹುಟ್ಟಿಸುವಂಥದು, ಎಳೆಯರಲ್ಲಿ ನಿರುಪದ್ರವಿ. ಗಂಟನ್ನಷ್ಟೇ ತೆಗೆದು ವೃಷಣವನ್ನು ಉಳಿಸುವುದು ಅನೇಕ ವೇಳೆ ಸಾಧ್ಯ. ಕೇಡಿನದು ಯೋಕ್ ಸ್ಯಾಕ್ ಗೆಡ್ಡೆ. ಅದು ಸಾಮಾನ್ಯವಾಗಿ ಆಲ್ಫಾ ಫೀಟೊಪ್ರೋಟೀನ್ ಎಂಬ ವಸ್ತುವನ್ನು ರಕ್ತಕ್ಕೆ ಸುರಿಸಿ ತನ್ನ ಗುಟ್ಟನ್ನು ತಾನೇ ಹೊರಹಾಕುತ್ತದೆ. ಆದರೆ ಆರೋಗ್ಯವಂತ ನವಜಾತ ಶಿಶುವಿನಲ್ಲೂ ಈ ವಸ್ತು ಸಹಜವಾಗಿಯೇ ಬಹಳ ಹೆಚ್ಚು. ವರ್ಷ ತುಂಬುವ ಸುಮಾರಿಗೆ ಇಳಿಯುತ್ತದೆ. ಅಂಕಿಯನ್ನು ವಯಸ್ಸಿನೊಡನೆ ಇಟ್ಟು ಓದದ ವೈದ್ಯ ನಿಷ್ಕಾರಣವಾಗಿ ಬೆದರಿಯಾನು. ಶಸ್ತ್ರಕ್ರಿಯೆಯಾದ ಮೇಲೆ ಅದು ಸುಮಾರು 5 ದಿನಕ್ಕೊಮ್ಮೆ ಅರ್ಧವಾಗುತ್ತಾ ಬರಬೇಕು. ಬಾರದಿದ್ದರೆ ಎಲ್ಲೋ ಶೇಷ ಉಳಿದಿರಬಹುದೆಂಬ ಸಂಶಯ.

ಕೇಡಿನ ಗೆಡ್ಡೆಯಾದರೆ ವೃಷಣವನ್ನು ತೊಡೆಸಂದಿನ ಮೂಲಕ ತೆಗೆಯುತ್ತಾರೆ. ಚೀಲವನ್ನು ಕೊಯ್ಯುವುದಿಲ್ಲ, ರೋಗದ ಕಣ ಅಲ್ಲಿ ಚೆಲ್ಲಬಾರದೆಂದು. ರೋಗ ಹರಡಿಲ್ಲದಿದ್ದರೆ ಮುಂದೆ ಔಷಧವೇ ಬೇಡ, ಎಚ್ಚರದ ಕಾವಲು ಸಾಕು. ಏನೂ ಮಾಡದೆ ಕಾಯುವ ಈ ಧೈರ್ಯವೇ ನನಗೆ ದೊಡ್ಡ ಮುನ್ನಡೆಯಾಗಿ ಕಾಣುತ್ತದೆ. ಕೆಲವರಲ್ಲಿ ಮರಳಿದರೂ ಪ್ಲಾಟಿನಂ ಔಷಧಗಳಿವೆ. 1965ರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪರಿಣಾಮವನ್ನು ನೋಡುತ್ತಿದ್ದಾಗ ಪ್ಲಾಟಿನಂ ಕಡ್ಡಿಗಳಿಂದ ಆಕಸ್ಮಿಕವಾಗಿ ದೊರೆತ ಸುಳಿವು ಸಿಸ್‌ಪ್ಲಾಟಿನ್‌ಗೆ ದಾರಿಯಾಯಿತು. ಅದು ಮಗುವಿನ ಶ್ರವಣಕ್ಕೆ ಕುಂದು ತರಬಲ್ಲದು. ಆದುದರಿಂದಲೇ ಕೆಲವೆಡೆ ಕಾರ್ಬೊಪ್ಲಾಟಿನ್ ಬಳಸುತ್ತಾರೆ. ಆರಂಭದಲ್ಲೇ ಸಿಕ್ಕ ಮಕ್ಕಳು ಹೆಚ್ಚುಕಡಿಮೆ ಎಲ್ಲರೂ ಬದುಕುತ್ತಾರೆ. ಹರಡಿದ್ದರೂ ಒಳ್ಳೆಯ ಚಿಕಿತ್ಸೆಯಲ್ಲಿ ಬಹುಪಾಲು ಮಕ್ಕಳು ಗುಣವಾಗುತ್ತಾರೆ.

"ಮುಂದೆ ವಂಶ?" ಎಂಬ ಪ್ರಶ್ನೆ ತಂದೆಯ ಬಾಯಿಗೆ ಬಂದು ನಿಲ್ಲುತ್ತದೆ. ಆರೋಗ್ಯವಾದ ಒಂದು ವೃಷಣವಿದ್ದರೆ ಸಾಮಾನ್ಯವಾಗಿ ಅದಕ್ಕೆ ಸಾಕು. ಆದರೆ ಹುಡುಗ ಪ್ರಾಯಕ್ಕೆ ಬರುವ ಮುನ್ನ ತನ್ನ ಮೈಯ ವೃತ್ತಾಂತ ಅವನಿಗೆ ತಿಳಿದಿರಬೇಕು; ಉಳಿದ ಒಂದನ್ನು ಆಗಾಗ ಮುಟ್ಟಿ ನೋಡಿಕೊಳ್ಳಬೇಕಾದವನು ಅವನೇ.