ಕತ್ತರಿ ಏಕೆ ಮಾಯವಾಯಿತು: ಹರವಬಹುದಾದ ಮೇಲ್ಮೈಗಳು ಮತ್ತು ಗಣಕದ ಮಾದರಿಗಳು



ಒಂಬತ್ತನೆಯ ತರಗತಿಯಲ್ಲಿ ಶಂಕುವಿನ ಮೇಲ್ಮೈ ವಿಸ್ತೀರ್ಣವನ್ನು ಬೋಧಿಸುವಾಗ ಕಾಗದದ ಶಂಕುವನ್ನು ಕತ್ತರಿಸಿ ಮೇಜಿನ ಮೇಲೆ ಹರವಲಾಗುತ್ತದೆ. ಗೋಳಕ್ಕೆ ಬಂದೊಡನೆ ಕತ್ತರಿ ಮಾಯವಾಗಿ ದಾರ ಕಾಣಿಸಿಕೊಳ್ಳುತ್ತದೆ: ಚೆಂಡಿಗೆ ದಾರ ಸುತ್ತಿ, ಆ ದಾರದಿಂದಲೇ ಅದೇ ತ್ರಿಜ್ಯದ ನಾಲ್ಕು ವೃತ್ತಗಳನ್ನು ತುಂಬುವ ಚಟುವಟಿಕೆ. ಕತ್ತರಿಯನ್ನು ಏಕೆ ಬಿಟ್ಟರೆಂದು ವಿದ್ಯಾರ್ಥಿಯೊಬ್ಬ ಕೇಳಿದರೆ ‘ಸೂತ್ರ ಬರೆದುಕೊ’ ಎಂಬ ಉತ್ತರ ದೊರೆಯುವುದೇ ಹೆಚ್ಚು. ಆ ಪ್ರಶ್ನೆ ಉಪೇಕ್ಷಿಸತಕ್ಕದ್ದಲ್ಲ. ಗಡಿನಾಡಿನ ಕನ್ನಡ ಶಾಲೆಗಳಿಂದ ಹೊರಟು ಐ.ಟಿ.ಐ., ಪಾಲಿಟೆಕ್ನಿಕ್‌ಗಳನ್ನು ಸೇರುವ ಮಕ್ಕಳಿಗೆ ಎಂಜಿನಿಯರಿಂಗ್ ಡ್ರಾಯಿಂಗಿನಲ್ಲಿ ಇದೇ ವಿಷಯ ‘ಡೆವಲಪ್‌ಮೆಂಟ್ ಆಫ್ ಸರ್ಫೇಸಸ್’ ಎಂಬ ಹೆಸರಿನಲ್ಲಿ ಎದುರಾಗುತ್ತದೆ. ನಿಘಂಟು ನೋಡಿ ‘ಮೇಲ್ಮೈಗಳ ಅಭಿವೃದ್ಧಿ’ ಎಂದುಕೊಂಡವನು ಅಲ್ಲಿಯೇ ದಾರಿ ತಪ್ಪುತ್ತಾನೆ. ಆ ಪದಕ್ಕೆ ಇಲ್ಲಿ ಬಿಚ್ಚಿ ಹರವುವುದು ಎಂದಷ್ಟೇ ಅರ್ಥ. ‘ಹರವಬಹುದಾದ ಮೇಲ್ಮೈ’ ಎಂದರೆ ಸಾಕು; ಬಿಗಿಯಾದ ಇನ್ನೊಂದು ಪಾರಿಭಾಷಿಕವನ್ನು ಕಟ್ಟುವ ಅಗತ್ಯ ಕಾಣದು.

ಹಿಗ್ಗಿಸದೆ, ಕುಗ್ಗಿಸದೆ ಸಮತಲದ ಮೇಲೆ ಹಾಸಬಹುದಾದ ಮೇಲ್ಮೈಗಳು ಇವು. ಸಿಲಿಂಡರ್ ಮತ್ತು ಶಂಕು ಎಲ್ಲರಿಗೂ ಪರಿಚಿತ. ಇಂಥ ಘನಗಳನ್ನು ಕುರಿತ ಆಯ್ಲರನ ಪ್ರಬಂಧ 1772ರಲ್ಲಿ ಪ್ರಕಟವಾಯಿತು. ಹಿಗ್ಗದೆ ಬಾಗುವ ಹಾಳೆಯ ವಕ್ರತೆಯ ಒಂದು ಅಳತೆ ಎಂದಿಗೂ ಬದಲಾಗದೆಂದು ಗೌಸ್ 1827ರಲ್ಲಿ ತೋರಿಸಿದನು. ಸಮತಲದಲ್ಲಿ ಆ ಅಳತೆ ಸೊನ್ನೆ, ಗೋಳದಲ್ಲಿ ಸೊನ್ನೆಯಲ್ಲ. ಕತ್ತರಿ ಸೋಲುವುದು ಇದರಿಂದಲೇ.

ತಗಡಿನ ಕೆಲಸಗಾರನು ಈ ಪ್ರಮೇಯವನ್ನು ಓದಿರಲಾರನು, ಆದರೆ ಅದರಂತೆಯೇ ನಡೆಯುತ್ತಾನೆ. ಬಾಯಿಯ ತ್ರಿಜ್ಯ 5 ಸೆಂ.ಮೀ., ಓರೆ ಎತ್ತರ 15 ಸೆಂ.ಮೀ. ಇರುವ ಶಂಕು ಬೇಕಾದರೆ 15 ಸೆಂ.ಮೀ. ತ್ರಿಜ್ಯದ ಕಂಸವನ್ನೆಳೆದು, 360ನ್ನು 5ರಿಂದ ಗುಣಿಸಿ 15ರಿಂದ ಭಾಗಿಸಿದರೆ ಬರುವ 120 ಡಿಗ್ರಿಯ ತುಂಡನ್ನು ಕತ್ತರಿಸಬೇಕು. ಆ ತುಂಡಿನ ವಿಸ್ತೀರ್ಣವೇ πrl. ಸೂತ್ರವು ತಗಡಿನಿಂದಲೇ ಹುಟ್ಟುವುದನ್ನು ಮಕ್ಕಳು ಕಾಣಬೇಕು.

ಗೋಳದ ತೊಡಕನ್ನು ತೋರಿಸಲು ಸಮಬಾಹು ತ್ರಿಭುಜಗಳ ಕಾಗದದ ತುಂಡುಗಳು ಸಾಕು. ಒಂದು ಬಿಂದುವಿನ ಸುತ್ತ ಆರನ್ನು ಅಂಟಿಸಿದರೆ ಕೋನಗಳ ಮೊತ್ತ 360 ಡಿಗ್ರಿ, ಕಾಗದ ಚಪ್ಪಟೆಯಾಗಿರುತ್ತದೆ. ಐದನ್ನು ಅಂಟಿಸಿದರೆ 300. ಅದು ಬೋಗುಣಿಯಂತೆ ಉಬ್ಬುತ್ತದೆ. ಏಳಾದರೆ 420, ಕಾಗದ ಅಲೆಯಲೆಯಾಗುತ್ತದೆ. ಶಂಕುವಿನಲ್ಲಿ ಕೋನ ಕಡಿಮೆಯಾಗಿರುವುದು ತುದಿಯೊಂದರಲ್ಲಿ ಮಾತ್ರ. ಆದ್ದರಿಂದ ಅಂಚಿನಿಂದ ತುದಿಯವರೆಗೆ ಒಂದೇ ಸೀಳು ಸಾಕು. ಗೋಳದಲ್ಲಿ ಕೊರತೆ ಎಲ್ಲೆಡೆಯೂ ಹರಡಿಕೊಂಡಿದೆ. ಕಾಸರಗೋಡಿನ ಕಡೆ ಅಡಿಕೆ ಹಾಳೆಯ ಮುಟ್ಟಾಳೆಯನ್ನು ತಲೆಗೆ ಹೊಂದಿಸಲು ಹಾಳೆಯನ್ನು ಮಡಿಸಿ ಹೊಲಿಯುವುದೂ, ದರ್ಜಿಯು ರವಿಕೆಗೆ ಟಕ್ಸ್ ಹಿಡಿಯುವುದೂ ಈ ಕಾರಣದಿಂದಲೇ.

ಇನ್ನು ಗಣಕ. ಪೆರಾಮೆಟ್ರಿಕ್ ವಿನ್ಯಾಸದಲ್ಲಿ ಆಕೃತಿಯನ್ನು ನೇರವಾಗಿ ಬರೆಯುವುದಿಲ್ಲ, ಅದನ್ನು ಹುಟ್ಟಿಸುವ ಸಂಬಂಧವನ್ನು ಬರೆಯಲಾಗುತ್ತದೆ. ತ್ರಿಜ್ಯವನ್ನು ಬದಲಿಸಿದರೆ ಶಂಕುವೂ ಅದರ ಹರವೂ ಒಟ್ಟಿಗೆ ಬದಲಾಗುತ್ತವೆ. ರೈನೊ ತಂತ್ರಾಂಶದೊಳಗಿನ ಗ್ರಾಸ್‌ಹಾಪರ್ ಇಂಥ ಸಾಧನ. ಅದಕ್ಕೆ ಡೇನಿಯಲ್ ಪೈಕರ್ ರಚಿಸಿದ ಕಾಂಗರೂ ಸೇರಿದಾಗ ಹಾಳೆಯು ಬಿಂದುಗಳ ಬಲೆಯಾಗುತ್ತದೆ, ಬಿಂದುಗಳ ನಡುವೆ ಸ್ಪ್ರಿಂಗುಗಳಿರುತ್ತವೆ. ಉದ್ದವನ್ನು ಕಾಯುವವು ಬಲು ಗಡುಸು, ಬಾಗುವಿಕೆಯನ್ನು ತಡೆಯುವವು ಮೃದು. ಒಂದು ಮೂಲೆಯನ್ನು ಎಳೆದರೆ ಬಲಗಳು ಸಮತೋಲನಕ್ಕೆ ಬರುವವರೆಗೆ ಗಣಕವು ಬಿಂದುಗಳನ್ನು ಮತ್ತೆ ಮತ್ತೆ ಸರಿಸುತ್ತದೆ. ಹಾಳೆ ಬಾಗಿ ನಿಲ್ಲುತ್ತದೆ.

ಆದರೆ ಪರದೆ ಮೋಸಗೊಳಿಸಬಲ್ಲುದು. ಉದ್ದದ ಸ್ಪ್ರಿಂಗುಗಳು ಸಡಿಲವಾಗಿದ್ದರೆ ಹಾಳೆ ಸದ್ದಿಲ್ಲದೆ ರಬ್ಬರಿನಂತೆ ಹಿಗ್ಗಿ ಗೋಳವನ್ನೂ ಅಪ್ಪುತ್ತದೆ. ಚಿತ್ರ ಸೊಗಸಾಗಿರುತ್ತದೆ, ಕತ್ತರಿಸಿದ ತುಂಡುಗಳು ಮಾತ್ರ ಜೋಡಣೆಯಾಗುವುದಿಲ್ಲ. ಬಲೆಯ ಗೆರೆಗಳ ದಿಕ್ಕು ತಪ್ಪಿದರೂ ತೊಂದರೆಯೇ: ಬಲೆಯು ತನ್ನ ಗೆರೆಗಳಗುಂಟ ಮಾತ್ರ ಮಡಿಯಬಲ್ಲುದಾದ್ದರಿಂದ ನಿಜವಾದ ಕಾಗದ ಬಾಗುವೆಡೆ ಅದು ಬಿಗಿದುಕೊಳ್ಳುತ್ತದೆ. ಹೀಗಾಗಿ ಕೊನೆಗೆ ಎರಡು ಪರೀಕ್ಷೆಗಳು ಬೇಕು. ಪ್ರತಿ ಗೆರೆಯ ಉದ್ದ ಮೊದಲಿನಷ್ಟೇ ಇದೆಯೇ? ಒಳಗಿನ ಪ್ರತಿ ಬಿಂದುವಿನ ಸುತ್ತಲ ಕೋನಗಳು 360 ಆಗುತ್ತವೆಯೇ? ಎರಡನೆಯದು ಮಕ್ಕಳು ಕಾಗದದ ತ್ರಿಭುಜಗಳಿಂದ ಮಾಡಿದ ಲೆಕ್ಕವೇ.

ಕಟ್ಟಡದಲ್ಲಿ ಈ ಲೆಕ್ಕ ಹಣವಾಗುತ್ತದೆ, ಏಕೆಂದರೆ ಎರಡು ಕಡೆಗೆ ಬಾಗಿದ ತಗಡನ್ನು ಅಚ್ಚಿನಲ್ಲಿ ಒತ್ತಿಸಬೇಕು. ಹರವಬಹುದಾದುದನ್ನು ಚಪ್ಪಟೆ ತಗಡಿನಿಂದಲೇ ಕತ್ತರಿಸಬಹುದು. ಸ್ಪೇನಿನ ಬಿಲ್ಬಾವೊದಲ್ಲಿ 1997ರಲ್ಲಿ ತೆರೆದ ಗುಗೆನ್‌ಹೈಮ್ ಸಂಗ್ರಹಾಲಯದ ವಾಸ್ತುಶಿಲ್ಪಿ ಫ್ರಾಂಕ್ ಗೇರಿಯವರು ಕಾಗದವನ್ನು ಬಾಗಿಸಿ ಮಾದರಿ ಮಾಡುತ್ತಿದ್ದುದೂ, ಅವರ ಕಚೇರಿ ವಿಮಾನ ತಯಾರಿಕೆಯ ಕ್ಯಾಟಿಯಾ ತಂತ್ರಾಂಶವನ್ನು ಬಳಸಿದುದೂ ಪ್ರಸಿದ್ಧ.

ಶಾಲೆಯಲ್ಲಿ ರೈನೊ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಉಚಿತವಾದ ಜಿಯೋಜಿಬ್ರಾದಲ್ಲಿ ತ್ರಿಜ್ಯಕ್ಕೊಂದು, ಓರೆ ಎತ್ತರಕ್ಕೊಂದು ಸ್ಲೈಡರ್ ಇಟ್ಟು, ಅವುಗಳಿಂದ ಬರುವ ಕೋನದ ತುಂಡನ್ನು ಬರೆಯಿಸಬಹುದು. ಕಂಪ್ಯೂಟರ್ ಇಲ್ಲದ ಶಾಲೆಯಲ್ಲಿ ಕೈವಾರವೂ ಹಳೆಯ ಕ್ಯಾಲೆಂಡರಿನ ಹಾಳೆಯೂ ಸಾಕು. ಓರೆ ಎತ್ತರ 15ರಲ್ಲೇ ಇರಲಿ. ತ್ರಿಜ್ಯವನ್ನು 5ರಿಂದ 10ಕ್ಕೆ ಏರಿಸಿದರೆ ಶಂಕು ಅಗಲವಾಗುತ್ತದೆ. 15ಕ್ಕೆ ಬಂದಾಗ ಕೋನ 360 ಆಗಿ ಶಂಕು ಚಪ್ಪಟೆ ತಟ್ಟೆಯಾಗುತ್ತದೆ. ಯಾವನಾದರೂ ಹುಡುಗ ಸ್ಲೈಡರನ್ನು 17.5ಕ್ಕೆ ತಳ್ಳಿಯೇ ತಳ್ಳುತ್ತಾನೆ. ಆಗ ಲೆಕ್ಕ 420 ಎನ್ನುತ್ತದೆ, ಶಂಕು ಇಲ್ಲವಾಗುತ್ತದೆ. ಏಳು ತ್ರಿಭುಜಗಳನ್ನು ಅಂಟಿಸಿದ ಅಲೆಯಲೆಯ ಕಾಗದವನ್ನು ಅವನ ಕೈಗೆ ಕೊಡಬೇಕಾದುದು ಆಗಲೇ.