ಪಾಠ ಹೇಳುವ ಗ್ರಂಥಪಾಲಕರ ಕಾಣದ ದುಡಿಮೆ

ಗ್ರಂಥಾಲಯ ಎಂದೊಡನೆ ನಮಗೆ ನೆನಪಾಗುವುದು ಕಪಾಟು, ಪುಸ್ತಕ ಮತ್ತು ಸದ್ದು ಮಾಡಬೇಡಿ ಎಂಬ ಫಲಕ. ಆದರೆ ಅಮೆರಿಕದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುವ ಗ್ರಂಥಪಾಲಕರೂ ಇದ್ದಾರೆ. ಮಾಹಿತಿಯನ್ನು ಎಲ್ಲಿ ಹುಡುಕಬೇಕು, ಸಿಕ್ಕಿದ್ದರಲ್ಲಿ ಯಾವುದನ್ನು ನಂಬಬೇಕು ಎಂಬುದನ್ನು ಕಲಿಸುವುದು ಅವರ ಕೆಲಸ. ಅನೇಕ ವೇಳೆ ಬೇರೆ ಅಧ್ಯಾಪಕರ ತರಗತಿಗೆ ಹೋಗಿ ಒಂದೇ ಒಂದು ಪಿರಿಯಡ್ ಪಾಠ ಮಾಡಬೇಕು. ಪರಿಚಯವೇ ಇಲ್ಲದ ವಿದ್ಯಾರ್ಥಿಗಳ ಅಂಜಿಕೆಯನ್ನು ಆ ಒಂದು ಗಂಟೆಯಲ್ಲೇ ಕಳೆಯಬೇಕು.

ಇಂಥ ಕೆಲಸದಲ್ಲಿ ಬುದ್ಧಿಯಷ್ಟೇ ಮನಸ್ಸೂ ದುಡಿಯುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶಿಲ್ಡ್ 1983ರ ತಮ್ಮ ಪುಸ್ತಕದಲ್ಲಿ ಇದನ್ನು 'ಭಾವಶ್ರಮ' ಎಂಬ ಅರ್ಥದ ಹೆಸರಿನಿಂದ ವಿವರಿಸಿದರು. ಅವರು ಗಮನಿಸಿದ್ದು ವಿಮಾನದ ಗಗನಸಖಿಯರನ್ನು. ಒಳಗೆ ಎಷ್ಟೇ ದಣಿವಿರಲಿ, ಪ್ರಯಾಣಿಕರ ಎದುರು ನಗಲೇಬೇಕು. ಆ ನಗುವೂ ಸಂಬಳದ ಕೆಲಸದ ಒಂದು ಭಾಗ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಸಾರಿತು. ಅದೇ 17ರಂದು ಅಮೆರಿಕದ ಗ್ರಂಥಾಲಯ ಸಂಘವು ಗ್ರಂಥಾಲಯಗಳನ್ನು ಸಾರ್ವಜನಿಕರಿಗೆ ಮುಚ್ಚುವಂತೆ ಸಲಹೆ ನೀಡಿತು. ಬಾಗಿಲು ಮುಚ್ಚಿತೇ ಹೊರತು ಕೆಲಸ ನಿಲ್ಲಲಿಲ್ಲ. ಪಾಠಗಳು ಜೂಮ್ ತೆರೆಗೆ ಬಂದವು. ತರಗತಿಯಲ್ಲಾದರೆ ಎದುರಿನ ಮುಖ ನೋಡಿ ಪಾಠ ಅರ್ಥವಾಯಿತೇ ಎಂದು ತಿಳಿಯಬಹುದು. ತೆರೆಯ ಮೇಲೆ ಇದ್ದದ್ದು ಕ್ಯಾಮೆರಾ ಮುಚ್ಚಿದ ಕಪ್ಪು ಚೌಕಗಳು. ಆದರೂ ದನಿಯಲ್ಲಿ ಉತ್ಸಾಹ ಕುಗ್ಗುವಂತಿರಲಿಲ್ಲ. ಲೇಖನ ಹುಡುಕಿಕೊಡಿ ಎಂದು ಬಂದ ವಿದ್ಯಾರ್ಥಿ ಮನೆಯ ಸಾವು, ಕಳೆದುಕೊಂಡ ಕೆಲಸದ ಸಂಗತಿ ಹೇಳಿಕೊಳ್ಳುವುದಿತ್ತು. ಸಮಾಧಾನ ಹೇಳುವವರ ಮನೆಯಲ್ಲೂ ಅದೇ ಭಯವಿತ್ತು ಎಂಬುದನ್ನು ಮರೆಯಬಾರದು.

ಪುಸ್ತಕದ ಮೇಲೆ ವೈರಾಣು ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಅಲ್ಲಿ ಅದೇ ವರ್ಷ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಯಿತು. ಅದು ಅಗತ್ಯವೇ. ಆದರೆ ಪುಸ್ತಕ ಕೊಡುವವರ ದಣಿವನ್ನು ಅಳೆಯುವ ಬಗೆ ಯಾವುದು? ಗ್ರಂಥಾಲಯದ ಲೆಕ್ಕದಲ್ಲಿ ಸಾಮಾನ್ಯವಾಗಿ ಬರುವುದು ಎಷ್ಟು ಪುಸ್ತಕ ಹೋಯಿತು, ಎಷ್ಟು ತರಗತಿ ನಡೆಯಿತು ಎಂಬುದು. ಎಷ್ಟು ಜನರಿಗೆ ಧೈರ್ಯ ಹೇಳಲಾಯಿತು ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಇದಕ್ಕೆ ಒಂದು ಕಾರಣವನ್ನು ಗ್ರಂಥಪಾಲಕಿ ಫೊಬಾಜಿ ಎಟ್ಟಾರ್ 2018ರಲ್ಲೇ ಬರೆದಿದ್ದರು. ಗ್ರಂಥಪಾಲನೆ ಪವಿತ್ರ ಕಾಯಕವೆಂದು ಹೊಗಳುತ್ತಾ ಹೋದಂತೆ, ಅದರಲ್ಲಿ ದುಡಿಯುವವರು ಕೂಲಿ, ಕೆಲಸದ ಹೊರೆ, ದಣಿವುಗಳ ಮಾತೆತ್ತುವುದೇ ಕಷ್ಟವಾಗುತ್ತದೆ ಎಂಬುದು ಅವರ ವಾದದ ಸಾರ.

ಈ ಮಾತು ನಮಗೂ ಹೊರಗಿನದಲ್ಲ. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಸ್ಥಾಪಿಸಿದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಓದುಗರ ಸಮಯ ಉಳಿಸಬೇಕೆಂಬುದೂ ಒಂದು. ಓದುಗರ ಸಮಯ ಉಳಿಯಬೇಕಾದರೆ ಇನ್ನೊಬ್ಬರ ಸಮಯ, ತಾಳ್ಮೆ ವೆಚ್ಚವಾಗಲೇಬೇಕು. ಆ ವೆಚ್ಚವನ್ನೂ ದುಡಿಮೆಯೆಂದು ಲೆಕ್ಕಕ್ಕೆ ಹಿಡಿಯಬೇಕು. ತರಗತಿಗಳ ನಡುವೆ ಬಿಡುವು, ಪಾಠಕ್ಕೆ ಜೊತೆಗಾರರು, ಆಗದು ಎನ್ನುವ ಹಕ್ಕು, ಇವು ಉಪಕಾರವಲ್ಲ. ಮುಂದಿನ ಸಂಕಟದಲ್ಲೂ ಗ್ರಂಥಾಲಯ ಜನರ ಕೈಹಿಡಿಯಬೇಕಾದರೆ ಬೇಕಾದ ಸಿದ್ಧತೆ.